ಸೋದರಮಾವನ ಮೇಲೆ ಬರೆದ ವರದಿ

ನನ್ನದು ಅನುಮಾನದ ಸ್ವಭಾವ. ಹುಟ್ಟಿನಿಂದ ಬಂದದ್ದೋ ಕೆಲಸಕ್ಕೆ ಸೇರಿದ ಮೇಲೆ ಅಂಟಿಕೊಂಡದ್ದೋ ಹೇಳಲಾರೆ. ದಾವಣಗೆರೆಯಲ್ಲಿ ಮಕ್ಕಳ ರಕ್ಷಣೆಯ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಯಿತು. ಬಾಲಮಂದಿರದಲ್ಲಿರುವ ಮಗುವನ್ನು ಮನೆಯವರು ವಾಪಸ್ ಕೇಳಿದರೆ, ಆ ಮನೆ ಮಗುವಿಗೆ ಕ್ಷೇಮವೋ ಅಲ್ಲವೋ ಎಂದು ನಾನು ಹೋಗಿ ನೋಡಬೇಕು. ನೋಡಿ ವರದಿ ಬರೆದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಇಡಬೇಕು. ತೀರ್ಮಾನ ಸಮಿತಿಯದು. ಆದರೆ ಅವರು ಆ ಮನೆಯನ್ನು ಕಾಣುವುದು ನನ್ನ ಕಣ್ಣಿನಿಂದ. ಹಾಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡೇ ನೋಡುತ್ತೇನೆ.

ನಾನು ಬರುವ ದಿನ ಗೊತ್ತಾದರೆ ಎಂಥ ಮನೆಯೂ ಒಳ್ಳೆಯ ಮನೆಯಾಗಿಬಿಡುತ್ತದೆ. ಕುಡಿಯುವವನು ಅಂದು ಕುಡಿದಿರುವುದಿಲ್ಲ, ಹೊಡೆಯುವವಳು ಮಗುವಿನ ಹಳೆಯ ಫೋಟೋ ಹಿಡಿದು ಕಣ್ಣೀರು ಹಾಕುತ್ತಾಳೆ. ಅದಕ್ಕೇ ಹೇಳಿದ ದಿನ ಬಿಟ್ಟು ಅದರ ಹಿಂದಿನ ದಿನ ಹೋಗುತ್ತೇನೆ. ಚಹಾ ಕೊಟ್ಟರೆ ಬೇಡವೆನ್ನುವುದಿಲ್ಲ. ಕುಡಿಯುತ್ತಲೇ ಗೂಟಕ್ಕೆ ತೂಗುಹಾಕಿದ ಬಟ್ಟೆ ಯಾರು ಯಾರದ್ದು, ಮಗು ಬಂದರೆ ಮಲಗುವುದು ಎಲ್ಲಿ, ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೋ ಇಲ್ಲವೋ ನೋಡಿಕೊಳ್ಳುತ್ತೇನೆ. ಆಮೇಲೆ ದಾರಿ ಕೇಳುವ ನೆಪದಲ್ಲಿ ಪಕ್ಕದ ಮನೆಗೆ ಹೋಗುತ್ತೇನೆ. ನನ್ನ ಮೇಲಧಿಕಾರಿ ಒಮ್ಮೆ, "ನೀವು ದೇವರ ಮನೆಗೆ ಹೋದರೂ ಮೊದಲು ಹಿತ್ತಲ ಬಾಗಿಲು ಹುಡುಕ್ತೀರಲ್ಲ" ಎಂದಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಆ ಹುಡುಗಿ ಬಾಲಮಂದಿರಕ್ಕೆ ಬಂದಾಗ ಅವಳಿಗೆ ಹದಿನಾಲ್ಕು. ಹರಿಹರದ ಪಕ್ಕದ ಗುತ್ತೂರಿನವಳು. ತಾಯಿ ತೀರಿಕೊಂಡಿದ್ದಳು, ತಂದೆ ಬೇರೆ ಸಂಸಾರ ಕಟ್ಟಿಕೊಂಡು ಊರು ಬಿಟ್ಟಿದ್ದ. ಅಜ್ಜಿ, ಎಂದರೆ ತಾಯಿಯ ತಾಯಿ, ಅವಳನ್ನು ಸಾಕಿ, ಏಳನೇ ಇಯತ್ತೆ ಮುಗಿದ ಮೇಲೆ ದಾವಣಗೆರೆಯ ಒಂದು ಮನೆಯಲ್ಲಿ ಕೂಸು ನೋಡಿಕೊಳ್ಳಲು ಬಿಟ್ಟಿದ್ದಳು. ಯಾರೋ ಸಹಾಯವಾಣಿಗೆ ಫೋನ್ ಮಾಡಿದರು, ನಾವು ಹೋಗಿ ಕರೆತಂದೆವು. ಬಂದ ದಿನ ಅವಳ ಬೆರಳ ಸಂದುಗಳೆಲ್ಲ ಸೋಪಿನ ಪುಡಿಗೆ ಸುಲಿದಿದ್ದವು. ಬಾಲಮಂದಿರದಿಂದ ಶಾಲೆಗೆ ಸೇರಿಸಿದೆವು. ಓದಿನಲ್ಲಿ ಚುರುಕಾಗಿದ್ದಳು, ಮಾತು ಮಾತ್ರ ಕಡಿಮೆ.

ಅವಳಿಗೆ ಸೋದರಮಾವ ಒಬ್ಬನಿದ್ದ. ತಾಯಿಯ ತಮ್ಮ, ಇಪ್ಪತ್ತೈದರ ಆಸುಪಾಸಿನವನು, ಗುತ್ತೂರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮದುವೆಯಾಗಿರಲಿಲ್ಲ. ಭೇಟಿಯ ಭಾನುವಾರ ತಪ್ಪದೆ ಬರುತ್ತಿದ್ದ. ಕೆಲವೊಮ್ಮೆ ಅಜ್ಜಿಯ ಜೊತೆ, ಬಹಳ ಸಲ ಒಬ್ಬನೇ. ಬಂದು ಏನು ಮಾತಾಡುತ್ತಾನೆಂದು ನೋಡಿದರೆ ಮಾತೇ ಇಲ್ಲ. ಬೆಂಚಿನ ಆ ತುದಿಗೆ ಅವನು, ಈ ತುದಿಗೆ ಅವಳು, ನಡುವೆ ಮಂಡಕ್ಕಿಯ ಪೊಟ್ಟಣ. ಅವಳು ಅದನ್ನು ತಿನ್ನುತ್ತ ಶಾಲೆಯ ಸುದ್ದಿ ಹೇಳುವಳು, ಅವನು ತಲೆ ಆಡಿಸುವನು. ಬೇರೆ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಬರುವವರೂ ಇಲ್ಲ, ಇವನು ಮಾತ್ರ ಇಷ್ಟು ನಿಯತ್ತಿನಿಂದ ಯಾಕೆ ಬರುತ್ತಾನೆ ಎಂದು ನನ್ನ ಕಿವಿ ನೆಟ್ಟಗಾಯಿತು.

ಹದಿನೈದು ತುಂಬುವ ಹೊತ್ತಿಗೆ ಬಾಲಮಂದಿರದಲ್ಲೇ ಹುಡುಗಿ ದೊಡ್ಡವಳಾದಳು. ಸುದ್ದಿ ತಿಳಿದ ವಾರದಲ್ಲಿ ಅಜ್ಜಿಯೂ ಮಾವನೂ ಬಂದರು. ಹಸಿರು ಸೀರೆ, ಕೊಬ್ಬರಿ ಬಟ್ಟಲು, ಡಬ್ಬಿಯ ತುಂಬ ಎಳ್ಳು ಬೆಲ್ಲ ಕುಟ್ಟಿ ಮಾಡಿದ ಚಿಗಳಿ. ನಮ್ಮ ಕಡೆ ಹುಡುಗಿ ದೊಡ್ಡವಳಾದಾಗ ಸೋದರಮಾವನೇ ಸೀರೆ ತರಬೇಕು, ಅವನೇ ಹಸಿರು ಸೊಪ್ಪಿನ ಗುಡ್ಲು ಹಾಕಬೇಕು. ಬಾಲಮಂದಿರದ ಅಂಗಳದಲ್ಲಿ ಗುಡ್ಲು ಹಾಕುವುದಕ್ಕೆ ಆದೀತೇ? ಮೇಲ್ವಿಚಾರಕಿ ಒಳ್ಳೆಯ ಹೆಂಗಸು, ಊಟದ ಹಾಲಿನಲ್ಲಿ ಕೂರಿಸಿ ಆರತಿ ಮಾಡಲು ಬಿಟ್ಟರು. ಉಳಿದ ಹುಡುಗಿಯರು ಕಿಲಕಿಲ ನಗುತ್ತ ಚಿಗಳಿ ತಿಂದರು. ಅವನು ಬಾಗಿಲ ಹೊರಗೇ ನಿಂತು, ತಂದ ಸೀರೆಯನ್ನು ಅಜ್ಜಿಯ ಕೈಲಿ ಒಳಗೆ ಕಳಿಸಿದ. ಅಂದೇ ಅಜ್ಜಿ, "ಇನ್ನ ಹುಡುಗಿನ ಮನೆಗೆ ಕೊಡ್ರಿ, ದೊಡ್ಡೋಳಾದ್ಲು" ಎಂದು ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು. ಅವನು ಕೆಳಗೆ ಸಹಿ ಹಾಕಿದ.

ಸೀರೆ, ಅರ್ಜಿ, ಮದುವೆಯಾಗದ ಸೋದರಮಾವ, ಮೂರೂ ಒಂದೇ ದಿನ. ಬೇರೆ ಸೀಮೆಯ ಅಧಿಕಾರಿಯಾಗಿದ್ದರೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ, ಬಡವರು ಪಾಪ ಎಷ್ಟು ಪ್ರೀತಿಯಿಂದ ಬಂದಿದ್ದಾರೆ ಎನ್ನುತ್ತಿದ್ದರು. ನಾನು ಇದೇ ಸೀಮೆಯ ಆನಗೋಡಿನವಳು. ನನಗೂ ಒಬ್ಬ ಸೋದರಮಾವ ಹಸಿರು ಸೀರೆ ತಂದಿದ್ದ, ಗುಡ್ಲು ಹಾಕಿದ್ದ. ಹತ್ತನೇ ಇಯತ್ತೆಯ ಪರೀಕ್ಷೆ ಬರೆದು ಬಂದ ಬೇಸಿಗೆಯಲ್ಲೇ ನನಗೆ ಅವನ ಕೈಲಿ ತಾಳಿ ಕಟ್ಟಿಸಿದರು. ಆಗ ನನಗೆ ಹದಿನಾರು. ನಿನ್ನೆಯವರೆಗೆ ಮಾವ ಎಂದು ಕೂಗಿ ಪೇರಲಕಾಯಿ ಕೇಳುತ್ತಿದ್ದವನನ್ನು ಮಾರನೇ ದಿನದಿಂದ "ಏನ್ರಿ" ಎನ್ನಬೇಕಾಯಿತು. ನನ್ನ ಗಂಡ ಕೆಟ್ಟವನಲ್ಲ. ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟು, ನನ್ನನ್ನು ಕಾಲೇಜು ಓದಿಸಿ, ಈ ಕೆಲಸಕ್ಕೆ ಅರ್ಜಿ ತಂದುಕೊಟ್ಟವನೂ ಅವನೇ. ಆದರೂ ಆ ಬೇಸಿಗೆಯ ಸಿಟ್ಟು ನನ್ನಲ್ಲಿ ಹಾಗೇ ಇದೆ. ಹಸಿರು ಸೀರೆ ಕಂಡರೆ ಈಗಲೂ ಮೈ ಉರಿಯುತ್ತದೆ.

ಅರ್ಜಿ ನನ್ನ ಮೇಜಿಗೆ ಬಂತು. ಕೇಳಿದ್ದು ಒಂದೇ: ಹುಡುಗಿಯನ್ನು ಗುತ್ತೂರಿಗೆ ಕಳಿಸಬಹುದೋ ಬಾರದೋ.

ಗುತ್ತೂರಿಗೆ ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಹೋದೆ. ಹರಿಹರದಲ್ಲಿ ಬಸ್ಸಿಳಿದು ಆಟೋ ಹಿಡಿದೆ. ಎರಡು ಕೋಣೆಯ ಶೀಟಿನ ಮನೆ, ಮುಂದೆ ಸಗಣಿ ಸಾರಿಸಿದ ಅಂಗಳ. ಅವನು ಪಾಳಿಗೆ ಹೋಗಿದ್ದ. ಅಜ್ಜಿ ಒಬ್ಬಳೇ ಸಿಕ್ಕಿದ್ದು ನನಗೆ ಅನುಕೂಲವೇ ಆಯಿತು.

"ಬರ್ರಿ ಅಕ್ಕಾರೆ, ಕೂಡ್ರಿ. ನಾಳೆ ಬರ್ತೀನಿ ಅಂದಿದ್ರಿ?"

"ಈ ಕಡೆ ಕೆಲಸ ಇತ್ತು, ಹಂಗೇ ಬಂದೆ" ಎಂದೆ. ಸುಳ್ಳು ಹೇಳುವುದು ನನ್ನ ಕೆಲಸದ ಒಂದು ಭಾಗ.

ಮನೆ ನೋಡಿದೆ. ಒಳಕೋಣೆಗೆ ಹೊಸದಾಗಿ ಸುಣ್ಣ ಹೊಡೆದಿತ್ತು. ಹೊಸ ಕಬ್ಬಿಣದ ಮಂಚ, ಅಗಲವಾದದ್ದು. "ಇದು ಯಾರಿಗೆ?" ಎಂದೆ. "ಮಗ ತಂದಾನ್ರಿ" ಎಂದಳು. ಹುಡುಗಿ ಬಂದರೆ ಎಲ್ಲಿ ಮಲಗುತ್ತಾಳೆ ಎಂದು ಕೇಳಿದರೆ, "ನನ್ನ ಮಗ್ಗುಲಿಗೆ ಮಲಗ್ತಾಳೆ, ಮತ್ತೆಲ್ಲಿ?" ಎಂದಳು. ಮಗನಿಗೆ ಹೆಣ್ಣು ನೋಡುತ್ತಿದ್ದೀರಾ ಎಂದರೆ, "ನೋಡಾಕೇನೈತೆ ಬಿಡ್ರಿ, ಋಣ ಇದ್ದ ಕಡೆ ಆಗತೈತೆ" ಎಂದು ಮಾತು ತೇಲಿಸಿದಳು. ಆ ಮಾತು ನನಗೆ ಸಾಕಾಗಿತ್ತು. ಪಕ್ಕದ ಮನೆಯವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಮನೆ ಹೆಣ್ಣು ಮನೆಯಾಗೇ ಉಳಿದ್ರೆ ಚಲೋನ ಅಲ್ಲೇನ್ರಿ?" ಎಂದಳು. ಅಂಗನವಾಡಿಯ ಕಾರ್ಯಕರ್ತೆಯನ್ನು ಕೇಳಿದರೆ ಅವಳು ನಕ್ಕು ಸುಮ್ಮನಾದಳು. ನಗುವವರನ್ನು ನಾನು ಅಳುವವರಿಗಿಂತ ಹೆಚ್ಚು ನಂಬುತ್ತೇನೆ.

ಮಾರನೇ ದಿನ ಬಾಲಮಂದಿರಕ್ಕೆ ಹೋಗಿ, ನಮೂನೆಯಲ್ಲಿದ್ದಂತೆ ಹುಡುಗಿಯನ್ನೂ ಕೇಳಿದೆ. "ಅಜ್ಜಿ ಮನೆಗೆ ಹೋಗಾಕೆ ಇಷ್ಟ ಐತಾ?" ಅವಳು ಪಕ್ಕದಲ್ಲಿ ಕುಳಿತ ಮೇಲ್ವಿಚಾರಕಿಯ ಮುಖ ನೋಡಿ, ನನ್ನ ಪೆನ್ನು ನೋಡಿ, "ಹೂಂ" ಎಂದಳು. ಇಷ್ಟವಿದೆ ಎಂದು ಬರೆದುಕೊಂಡೆ. ಅವಳಿಗೇನು ಗೊತ್ತು, ಮಗು, ನಾನು ನೋಡಿಕೊಳ್ಳುತ್ತೇನೆ ಎಂದುಕೊಂಡು ಬಂದೆ.

ಅಂದು ಸಂಜೆ ವಿದ್ಯಾನಗರದ ನಮ್ಮ ಬಾಡಿಗೆ ಮನೆಯ ಅಡುಗೆಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಕರಡು ಬರೆದೆ. ಮುಖ್ಯವಾದ ಸಾಲು ಇದು: "ಮನೆಯಲ್ಲಿ ವಿವಾಹವಾಗದ, ಮದುವೆ ವಯಸ್ಸಿನ ಸೋದರಮಾವನಿದ್ದು, ಸ್ಥಳೀಯ ರೂಢಿಯನ್ನು ಗಮನಿಸಿದರೆ ಬಾಲ್ಯವಿವಾಹದ ಸಾಧ್ಯತೆಯನ್ನು ತಳ್ಳಿಹಾಕಲಾಗದು." ಬರೆದಾಗ ಬಹಳ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ. ಗಂಡನಿಗೆ ರೊಟ್ಟಿ ಬಡಿಸುತ್ತ ಓದಿಯೂ ಹೇಳಿದೆ.

ಅವನು ತುತ್ತು ಕೈಯಲ್ಲೇ ಹಿಡಿದು, "ಆ ಹುಡುಗನ್ನ ಕೇಳ್ದ್ಯಾ?" ಎಂದ.

"ಅವನನ್ನೇನು ಕೇಳೋದು? ಇಲ್ಲ ಅಂತಾನೆ. ಯಾವನು ಹೌದು ಅಂತಾನೆ?"

"ಕೇಳಬೇಕಿತ್ತು" ಎಂದ. ತುತ್ತನ್ನು ತಟ್ಟೆಗೆ ಇಟ್ಟು, "ನನ್ನನ್ನ ಯಾರೂ ಕೇಳಿದ್ದಿಲ್ಲ" ಎಂದ.

ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವು ಆ ಮಾತು ಎತ್ತಿರಲಿಲ್ಲ. "ಕೇಳಿದ್ರೆ ಏನಂತಿದ್ರಿ?" ಎಂದೆ. ಅವನು, "ಈಗ ಅದೆಲ್ಲ ಯಾಕ ಬಿಡು" ಎಂದು ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೋಗಿ ತೊಳೆಯುತ್ತ ನಿಂತ. ನನಗೆ ಅವನ ಮೇಲೆ ಸಿಟ್ಟು ಬಂತು. ನನ್ನನ್ನು ಕಟ್ಟಿಹಾಕಿದವನು ಅವನು ಎಂದು ಇಷ್ಟು ದಿನ ನಂಬಿ ನೆಮ್ಮದಿಯಾಗಿದ್ದೆ, ಅದನ್ನೂ ಕಿತ್ತುಕೊಂಡ.

ಎರಡು ದಿನ ಕರಡನ್ನು ಟೈಪಿಗೆ ಕೊಡಲಿಲ್ಲ. ಮೂರನೇ ದಿನ ಮಧ್ಯಾಹ್ನ ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಎದುರಿಗೆ ಹೋಗಿ ನಿಂತೆ. ಅವನು ಊಟದ ಡಬ್ಬಿ ಹಿಡಿದು ಹೊರಗೆ ಬಂದವನು ನನ್ನನ್ನು ಕಂಡು, "ಹುಡುಗಿಗೆ ಏನಾತ್ರಿ?" ಎಂದ. ಏನೂ ಆಗಿಲ್ಲ ಎಂದು ಚಹಾದಂಗಡಿಯ ಬೆಂಚಿಗೆ ಕರೆದುಕೊಂಡು ಹೋದೆ. ಸುತ್ತಿ ಬಳಸಿ ಕೇಳಲಿಲ್ಲ.

"ಆ ಹುಡುಗಿನ ಮದ್ವೆ ಆಗ್ಬೇಕು ಅಂತ ಇದೀಯೇನು?"

ಅವನು ಬೈಯುತ್ತಾನೆ, ಇಲ್ಲವೇ ಆಣೆ ಮಾಡುತ್ತಾನೆ ಎಂದು ಕಾದೆ. ಎರಡೂ ಮಾಡಲಿಲ್ಲ. ಚಹಾ ಲೋಟವನ್ನು ಬೆಂಚಿನ ಮೇಲೆ ಇಟ್ಟು, "ಯಾರೂ ಕೇಳ್ಲಿಲ್ಲಲ್ಲ ಅಂತ ನೋಡ್ತಿದ್ದೆ ರಿ" ಎಂದ.

ಆಮೇಲೆ ಹೇಳಿದ. ಅವಳು ಹುಟ್ಟಿದಾಗ ಅವನಿಗೆ ಹತ್ತು ವರ್ಷ. ಅಕ್ಕ ಹೊಲಕ್ಕೆ ಹೋದರೆ ಇವನೇ ಎತ್ತಿಕೊಂಡು ತಿರುಗಿದವನು. ಮದುವೆಯ ಆಸೆ ಅವ್ವನದು. ಮಗಳು ಹೋದಳು, ಮಗಳ ಮಗಳು ಹೊರಗಿನವರ ಪಾಲಾಗಬಾರದು, ಮನೆಯಲ್ಲೇ ಇರಬೇಕು ಎಂದು ಅವಳು ಹಟ ಹಿಡಿದಿದ್ದಳು. ಮಂಚಕ್ಕೆ ಹೇಳಿದವಳೂ ಸುಣ್ಣ ಹೊಡೆಸಿದವಳೂ ಅವಳೇ. ಅರ್ಜಿಗೆ ಸಹಿ ಹಾಕದಿದ್ದರೆ ಉಣ್ಣುವುದಿಲ್ಲ ಎಂದು ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದಳಂತೆ.

"ಹುಡುಗಿ ಮನೆಗೆ ಬಂದ್ಲು ಅಂದ್ರೆ ನನ್ ಕೈಲಿ ತಡಿಯಾಕೆ ಆಗಲ್ಲ ರಿ. ಬೆಳೆಗೆ ಹೊಡಿಯೋ ಎಣ್ಣಿ ಕುಡಿದು ಸಾಯ್ತೀನಿ ಅಂತಾಳೆ ಅವ್ವ. ಕುಡಿಯೋಳೇ ಆಕಿ. ನೀವು ಕಳಿಸ್ಬ್ಯಾಡ್ರಿ. ಅಲ್ಲೇ ಓದ್ಲಿ."

"ಹಾಗಿದ್ರೆ ಇದನ್ನೇ ಬರೀತೀನಿ. ಅಜ್ಜಿ ಮದ್ವೆ ಮಾಡಾಕೆ ನಿಂತಾಳೆ ಅಂತ."

"ಬ್ಯಾಡ್ರಿ!" ಅವನ ಧ್ವನಿಗೆ ಪಕ್ಕದವರು ತಿರುಗಿ ನೋಡಿದರು. "ಅವ್ವನ್ನ ಬರೀಬ್ಯಾಡ್ರಿ. ಪೊಲೀಸ್ರು ಮನೆಗೆ ಬರ್ತಾರೆ, ಭೇಟಿ ನಿಲ್ಲಿಸ್ತಾರೆ. ಹುಡುಗಿಗೆ ಇನ್ಯಾರದಾರೆ ಹೇಳ್ರಿ? ನಾನು ಹೇಳ್ದೆ ಅಂತ ಗೊತ್ತಾದ್ರೆ ಅವ್ವ ಒಂದು ದಿನ ಬದುಕಲ್ಲ. ನನ್ನನ್ನೇ ಬರೀರಿ. ನನ್ ಮ್ಯಾಲೆ ಅನುಮಾನ ಐತೆ ಅಂತ ಬರೀರಿ. ನನಗೇನಾಗತೈತೆ?"

ನನ್ನ ಚೀಲದಲ್ಲಿ ಅದನ್ನೇ ಬರೆದ ಹಾಳೆ ಇತ್ತು. ಅದನ್ನು ಅವನಿಗೆ ತೋರಿಸಲಿಲ್ಲ. ಅವನನ್ನು ಪೂರ್ತಿ ನಂಬಿದೆ ಎಂದೂ ಅಲ್ಲ. ಬೇರೆ ಯಾರನ್ನೋ ನೋಡಿಕೊಂಡಿರಬೇಕು, ಈ ಮದುವೆ ತಪ್ಪಿಸಿಕೊಳ್ಳಲು ನನ್ನನ್ನು ಬಳಸುತ್ತಿದ್ದಾನೆ ಎಂಬ ಅನುಮಾನ ವಾಪಸ್ ಬರುವಾಗ ಬಸ್ಸಿನಲ್ಲೇ ಹುಟ್ಟಿತು. ಅದನ್ನೂ ಗುತ್ತೂರಿನಲ್ಲಿ ವಿಚಾರಿಸಿದೆ, ಏನೂ ಸಿಗಲಿಲ್ಲ. ಕೊನೆಗೆ ಕರಡಿನ ಒಂದಕ್ಷರವನ್ನೂ ಬದಲಿಸದೆ ಟೈಪು ಮಾಡಿಸಿ ಕೊಟ್ಟೆ. ನಿಜ ಗೊತ್ತಾಗುವ ಮೊದಲು ಬರೆದ ಸಾಲು ನಿಜ ಗೊತ್ತಾದ ಮೇಲೂ ಹಾಗೇ ಹೋಯಿತು. ಅದರಲ್ಲಿ ಸುಳ್ಳಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಯಲ್ಲಿ ಮದುವೆಯಾಗದ ಸೋದರಮಾವ ಇದ್ದದ್ದು ಹೌದಲ್ಲ.

ಸಮಿತಿಯ ಕೋಣೆಯಲ್ಲಿ ವರದಿಯ ತಾತ್ಪರ್ಯವನ್ನು ಎಲ್ಲರ ಎದುರಿಗೆ ಹೇಳಿದರು. ಹದಿನೆಂಟು ತುಂಬುವವರೆಗೆ ಹುಡುಗಿ ಬಾಲಮಂದಿರದಲ್ಲೇ ಇರಲಿ, ಭೇಟಿಗೆ ಅಡ್ಡಿಯಿಲ್ಲ ಎಂದರು. ಅಜ್ಜಿ ನನ್ನ ಕಡೆ ಕೈ ಮಾಡಿ, "ನನ್ನ ಮಗನ ಮ್ಯಾಲೆ ಇಲ್ಲದ್ದು ಬರದೀಯಲ್ಲ, ನಿನ್ನ ಕೈ ಸೇದಿ ಹೋಗ್ಲಿ" ಎಂದು ಅತ್ತಳು. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದ. ಹುಡುಗಿ ಅವನನ್ನೇ ನೋಡುತ್ತಿದ್ದಳು. ಕಾರಿಡಾರಿಗೆ ಬಂದ ಮೇಲೆ ನನ್ನ ಸೆರಗು ಹಿಡಿದು, "ಮಾವ ಹಂಗೆ ಅಂದಿದ್ನಾ ರಿ?" ಎಂದು ಕೇಳಿದಳು.

ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. "ಎಲ್ಲ ನಿನ್ನ ಒಳ್ಳೇದಕ್ಕೇ ಅವ್ವ" ಎಂದೆ. ಅವಳು ಅದನ್ನು ಹೌದೆಂದು ತಿಳಿದುಕೊಂಡಳು. ಅವಳು ಹಾಗೆ ತಿಳಿಯುತ್ತಾಳೆಂದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು.

ಮುಂದಿನ ಭೇಟಿಯ ಭಾನುವಾರ ಅವನು ಬಂದಾಗ ಹುಡುಗಿ ಕೋಣೆಯಿಂದ ಹೊರಗೆ ಬರಲಿಲ್ಲ. ಅದರ ಮುಂದಿನ ಭೇಟಿಗೂ ಇಲ್ಲ. ಅಜ್ಜಿ ಬಂದರೆ ಮಾತಾಡುವಳು, ಮಾವ ಬಂದರೆ ತಲೆನೋವು. ಅವನು ಬರುವುದನ್ನು ಬಿಡಲಿಲ್ಲ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಭೇಟಿಯ ಹೊತ್ತು ಮುಗಿಯುವವರೆಗೂ ಕೂತು, ತಂದದ್ದನ್ನು ಕಾವಲಿನವನ ಕೈಲಿ ಕೊಟ್ಟು ಹೋಗುತ್ತಿದ್ದ. ಒಮ್ಮೆ ನೋಟ್‌ಬುಕ್ಕುಗಳ ಕಟ್ಟು ಕೊಟ್ಟಿದ್ದ. ನಾನು ಅದನ್ನು ಮೇಲ್ವಿಚಾರಕಿಯ ಮೇಜಿನ ಮೇಲೆ ಬಿಚ್ಚಿ, ಒಳಗೆ ಚೀಟಿಗೀಟಿ ಇಟ್ಟಿದ್ದಾನೇನೋ ಎಂದು ಒಂದೊಂದೇ ಹಾಳೆ ತಿರುವಿದೆ. ಏನೂ ಇರಲಿಲ್ಲ. ರಟ್ಟಿನ ಮೇಲೆ ಅವಳ ಹೆಸರನ್ನು, ತರಗತಿಯನ್ನು ದುಂಡಗೆ ಬರೆದಿದ್ದ. ಅಷ್ಟಾದರೂ ನನಗೆ ನಾಚಿಕೆಯಾಗಲಿಲ್ಲ, ಮುಂದಿನ ಸಲ ನೋಡೋಣ ಎಂದುಕೊಂಡೆ.

ಹುಡುಗಿ ಹತ್ತನೇ ಇಯತ್ತೆ ಪಾಸಾದಳು, ಪಿಯುಸಿಗೆ ಸೇರಿದಳು. ಎರಡನೇ ವರ್ಷದಲ್ಲಿ ಅಜ್ಜಿ ತೀರಿಕೊಂಡಳು. ಒಂದು ಹೊತ್ತಿನ ಅನುಮತಿ ಪಡೆದು ನಾನೇ ಹುಡುಗಿಯನ್ನು ಗುತ್ತೂರಿಗೆ ಕರೆದುಕೊಂಡು ಹೋದೆ. ಅಜ್ಜಿಯ ಕಾಲು ಹಿಡಿದು ಜೋರಾಗಿ ಅತ್ತಳು, ಮಾವನ ಕಡೆ ತಿರುಗಿಯೂ ನೋಡಲಿಲ್ಲ. ಅವನು ನನ್ನ ಹತ್ತಿರ ಬಂದು, "ಊಟ ಮಾಡಿಸ್ಕೊಂಡು ಹೋಗ್ರಿ ಆಕಿಗೆ" ಎಂದಷ್ಟೇ ಹೇಳಿದ. ಅಂದೇ ಪಕ್ಕದ ಮನೆಯವಳ ಬಾಯಿಂದ ಇನ್ನೊಂದು ಸುದ್ದಿ ಗೊತ್ತಾಯಿತು. ಅವನಿಗೆ ಎರಡು ಕಡೆಯಿಂದ ಹೆಣ್ಣು ಬಂದು ತಪ್ಪಿ ಹೋಗಿತ್ತು. "ಸಣ್ಣ ಹುಡುಗಿ ಮ್ಯಾಲೆ ಕಣ್ಣು ಹಾಕಿದ್ನಂತೆ, ಸರ್ಕಾರದೋರೇ ಬರದಾರಂತೆ. ಯಾರು ಕೊಡ್ತಾರ್ರಿ?" ಎಂದಳು. ಹಾಗೆ ಬರೆದವಳು ನಾನೇ ಎಂದು ಅವಳಿಗೆ ಗೊತ್ತಿರಲಿಲ್ಲ. ನಾನು ಬಾಯಿಗೆ ಬೀಗ ಹಾಕಿಕೊಂಡು ಬಂದೆ. ಅಂದಾದರೂ ಹುಡುಗಿಗೆ ಹೇಳಬಹುದಿತ್ತು, ಅಜ್ಜಿ ಇರಲಿಲ್ಲವಲ್ಲ. ಸತ್ತವಳ ಮೇಲೆ ಹೊಸದಾಗಿ ಯಾಕೆ ಎಂದು ಒಂದು ನೆಪ ಸಿಕ್ಕಿತು. ನಿಜವಾದ ಕಾರಣ ಬೇರೆ. ಹೇಳಿದರೆ ನನ್ನ ವರದಿಯ ಬಗ್ಗೆಯೂ ಹೇಳಬೇಕಾಗುತ್ತಿತ್ತು.

ಹದಿನೆಂಟು ತುಂಬಿದವರನ್ನು ಬಾಲಮಂದಿರದಲ್ಲಿ ಇಟ್ಟುಕೊಳ್ಳುವಂತಿಲ್ಲ. ಅವಳಿಗೆ ವಿದ್ಯಾನಗರದ ಒಂದು ಹಾಸ್ಟೆಲಿನಲ್ಲಿ ಜಾಗ ಗೊತ್ತು ಮಾಡಿ, ನರ್ಸಿಂಗ್ ಓದಲು ಏರ್ಪಾಡಾಗಿತ್ತು. ನಿಯಮದ ಪ್ರಕಾರ ಮನೆಯವರಿಗೂ ನೋಟಿಸು ಹೋಗಿತ್ತು. ಬಿಡುಗಡೆಯ ದಿನ ನಾನು ಬೆಳಿಗ್ಗೆ ಹೋಗುವಷ್ಟರಲ್ಲಿ ಕಾವಲಿನವನು, "ಅವನು ಏಳು ಗಂಟೆಗೇ ಬಂದಾನ್ರಿ" ಎಂದ. ರಸ್ತೆಯಾಚೆ ಮರದ ಕೆಳಗೆ ಅವನು ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ.

ಹದಿನೆಂಟು ತುಂಬಿತು, ಇನ್ನು ಕಾನೂನು ಅವನನ್ನು ಏನೂ ಕೇಳುವ ಹಾಗಿಲ್ಲ. ಅವ್ವನೂ ಇಲ್ಲ. ಇವನಿಗೂ ಎಲ್ಲೂ ಹೆಣ್ಣು ಸಿಕ್ಕಿಲ್ಲ. ಅಂದು ಚಹಾದಂಗಡಿಯಲ್ಲಿ ಎಷ್ಟು ಚೆನ್ನಾಗಿ ನನ್ನ ಕಣ್ಣಿಗೆ ಮಣ್ಣೆರಚಿ, ಮೂರು ವರ್ಷ ನನ್ನ ಖರ್ಚಿನಲ್ಲೇ ಹುಡುಗಿಯನ್ನು ಕಾಪಾಡಿಸಿಕೊಂಡ ಎಂದು ಮೈಯೆಲ್ಲ ಬಿಸಿಯಾಯಿತು. ಹುಡುಗಿಗೆ, "ಮುಂದಿನ ಗೇಟಿಗೆ ಹೋಗ್ಬ್ಯಾಡ, ಹಿಂದಿನಿಂದ ಜೀಪಿನಾಗೆ ಹೋಗೋಣ" ಎಂದೆ. ಅವಳು ಯಾಕೆಂದು ಕೇಳಲಿಲ್ಲ. ಯಾಕೆಂದು ಅವಳಿಗೆ ಗೊತ್ತಿತ್ತು.

ಅವನ ಕೈಯಲ್ಲಿ ಏನಿದೆ ನೋಡೋಣ ಎಂದು ನಾನು ಕಿಟಕಿಗೆ ಹೋದೆ. ನೀಲಿ ಬಣ್ಣದ ಹೊಸ ಪ್ಲಾಸ್ಟಿಕ್ ಬಕೆಟ್ಟು. ಅದರೊಳಗೆ ಮಗ್ಗು, ಬಟ್ಟೆ ಒಣಹಾಕುವ ನೈಲಾನ್ ಹಗ್ಗ, ಒಂದು ಬೀಗ. ಕಂಕುಳಲ್ಲಿ ಸುತ್ತಿದ ಚಾಪೆ. ಹಾಸ್ಟೆಲಿಗೆ ಸೇರುವವರು ತರಬೇಕಾದ ಸಾಮಾನು ಎಂದು ನೋಟಿಸಿನ ಹಿಂದೆ ನಾವೇ ಅಚ್ಚು ಹಾಕಿಸಿದ್ದೆವು. ಅವನು ಅದನ್ನು ನೋಡಿ ಒಂದೂ ಬಿಡದೆ ತಂದಿದ್ದ. ಅಲ್ಲೇ ಕಿಟಕಿಯ ಸರಳು ಹಿಡಿದು ನಿಂತೆ. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ನನಗೇ ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ಹುಡುಗಿಯನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಮದುವೆಯ ಯೋಚನೆ ಅಜ್ಜಿಯದಾಗಿತ್ತು, ಮಾವ ಬೇಡವೆಂದಿದ್ದ, ವರದಿಯಲ್ಲಿ ಅವನ ಮೇಲೆ ಬರಲಿ ಎಂದು ಅವನೇ ಕೇಳಿಕೊಂಡಿದ್ದ ಎಂದೆ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು.

"ಇದನ್ನ ನಿಮಗೆ ಯಾರು ಹೇಳಿದ್ರು?"

"ಅವನೇ."

"ಅವನೇ ಹೇಳ್ದ, ನೀವು ನಂಬಿದ್ರಿ" ಎಂದು ನಕ್ಕಳು. ಆ ನಗು ನನ್ನದೇ ಆಗಿತ್ತು, ಮನೆ ಭೇಟಿಗಳಲ್ಲಿ ನಾನು ನಗುವಂಥದ್ದು. ಆಮೇಲೆ ಬ್ಯಾಗು ಹೆಗಲಿಗೆ ಹಾಕಿಕೊಂಡು, "ಬರ್ರಿ, ಅವನ ಎದುರಿಗೆ ಹೇಳ್ರಿ" ಎಂದು ಮುಂದಿನ ಗೇಟಿನಿಂದಲೇ ಹೊರಟಳು.

ರಸ್ತೆ ದಾಟಿದೆವು. ಅವನು ಗಾಬರಿಯಾಗಿ ಚಾಪೆಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿಕೊಂಡ. ನಾನು ಹೇಳಿದೆ: "ಇಕಿಗೆ ಎಲ್ಲಾ ಹೇಳಿದೀನಿ. ಮದ್ವೆ ಮಾಡ್ಬೇಕು ಅಂತ ಇದ್ದದ್ದು ನಿಮ್ಮವ್ವಂದು, ನಿಂದಲ್ಲ ಅಂತ. ನೀನು ಒಂದ್ಸಲ ಹೌದು ಅನ್ನು."

ಅವನು ನನ್ನ ಮುಖ ನೋಡಿದ, ಹುಡುಗಿಯ ಮುಖ ನೋಡಿದ. "ಅವ್ವ ಹಂಗೇನೂ ಅಂದಿದ್ದಿಲ್ರಿ" ಎಂದ. "ಅವ್ವನ ಮ್ಯಾಲೆ ಹಾಕ್ಬ್ಯಾಡ್ರಿ. ನನ್ದೇ ತಪ್ಪು."

ಹಾಗಾದರೆ ಅಂದು ಹೇಳಿದ್ದು ಸುಳ್ಳೋ ಇಂದು ಹೇಳುತ್ತಿರುವುದು ಸುಳ್ಳೋ ಎಂದು ಅವನ ಕಣ್ಣು, ಬಾಯಿ, ಕೈ ಎಲ್ಲವನ್ನೂ ನೋಡಿದೆ. ಇಷ್ಟು ವರ್ಷದ ಅಭ್ಯಾಸವಿದ್ದರೂ ಏನೂ ತಿಳಿಯಲಿಲ್ಲ.

ಹುಡುಗಿಗೆ ತಿಳಿಯಿತು. ಅವಳ ಮುಖ ಇದ್ದಕ್ಕಿದ್ದಂತೆ ಸಣ್ಣ ಮಗುವಿನದಾಯಿತು. "ಮಾವ, ಯಾಕ ಸುಳ್ಳು ಹೇಳ್ತೀಯ?" ಎಂದಳು. "ಅಜ್ಜಿ ಭೇಟಿಗೆ ಬಂದಾಗೆಲ್ಲ ನನಗೇ ಹೇಳ್ತಿದ್ಲು. ಹೊರಗೆ ಬಂದ ದಿನಾನೇ ತಾಳಿ ಕಟ್ಟಿಸ್ತೀನಿ, ನಿಮ್ಮಾವನ್ನ ಒಪ್ಪಿಸೋದು ನನಗೆ ಬಿಡು ಅಂತ. ಒಪ್ಪಿಸ್ತೀನಿ ಅಂದಿದ್ಲು. ಆಗ್ಲೇ ನಾನು ತಿಳ್ಕೋಬೇಕಿತ್ತು, ನೀನು ಒಪ್ಪಿಲ್ಲ ಅಂತ. ಇವರು ಬರೆದದ್ದು ಕೇಳಿ ನೀನೂ ಅದಕ್ಕೇ ಬರ್ತಿದ್ದೆ ಅನ್ಕೊಂಡೆ."

ಅವನು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

ನಾನು ಅವಳಿಗೆ, "ನಿನಗೆ ಇದೆಲ್ಲ ಗೊತ್ತಿತ್ತಾ? ನನಗೆ ಯಾಕ ಹೇಳ್ಲಿಲ್ಲವ್ವ?" ಎಂದೆ.

"ನೀವು ಕೇಳ್ಲಿಲ್ಲಲ್ಲ ರಿ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು, ಅವಳು ಸುಮ್ಮನೆ ಹೇಳಿದಳು. "ಮನೆಗೆ ಹೋಗ್ತೀಯಾ ಅಂತ ಕೇಳಿದ್ರಿ. ಮೇಲ್ವಿಚಾರಕಿ ಮೇಡಂ ಅಲ್ಲೇ ಕೂತಿದ್ರು. ಪಕ್ಕದ ಮನೆಯೋರ್ನ ಕೇಳಿದ್ರಂತೆ, ಅಂಗನವಾಡಿಯೋರ್ನ ಕೇಳಿದ್ರಂತೆ. ನನ್ನ ಒಬ್ಬಾಕಿನೇ ಕೂರಿಸ್ಕೊಂಡು ಕೇಳಿದ್ರೆ ಅವತ್ತೇ ಹೇಳ್ತಿದ್ದೆ."

ಅವಳು ಅವನ ಕೈಯಿಂದ ಬಕೆಟ್ಟು ತೆಗೆದುಕೊಂಡು, ತನ್ನ ಬ್ಯಾಗನ್ನು ಅವನ ಹೆಗಲಿಗೆ ಹಾಕಿದಳು. ಹಾಸ್ಟೆಲಿಗೆ ಜೀಪಿನಲ್ಲಿ ಬಿಟ್ಟು ಬರುತ್ತೇನೆ, ಅದು ನಿಯಮ ಎಂದೆ. "ಬ್ಯಾಡ್ರಿ, ಸಿಟಿ ಬಸ್ಸಿಗೆ ಹೋಗ್ತೀವಿ" ಎಂದಳು. ಇಬ್ಬರೂ ಬಸ್ ಸ್ಟಾಪಿನ ಕಡೆ ನಡೆದರು. ನಾನು ಕಚೇರಿಗೆ ಬಂದು ಬಿಡುಗಡೆಯ ನಮೂನೆ ತುಂಬಿದೆ. ಯಾರೊಂದಿಗೆ ಕಳಿಸಲಾಯಿತು ಎಂಬಲ್ಲಿ ಸೋದರಮಾವ ಎಂದು ಬರೆದೆ, ಷರಾ ಕಾಲಮ್ಮಿನಲ್ಲಿ ಏನೂ ಬರೆಯಲಿಲ್ಲ.